ಹಾಡಿನ ಹುಟ್ಟಿದ ದಿನ

ಅವರ ಬಲಗೈಯ ತೋರುಬೆರಳಿನ ತುದಿ ಸುತ್ತಿಗೆಯಲ್ಲಿ ಬಡಿದಂತೆ ಚಪ್ಪಟೆಯಾಗಿತ್ತು. ಟೇಪ್‌ರೆಕಾರ್ಡರಿನ ಗುಂಡಿ ಒತ್ತಿ ಒತ್ತಿ, ಮೈಕಿನ ತಲೆ ತಟ್ಟಿ ತಟ್ಟಿ ಹಾಗಾಯಿತು ಎಂದು ಅವರು ಹೇಳುತ್ತಿದ್ದರು. ಹುಟ್ಟಿನಿಂದಲೇ ಹಾಗಿತ್ತು ಎಂದು ಅವರ ಹೆಂಡತಿ ಹೇಳುತ್ತಿದ್ದರು. ನಾನು ನಂಬಿದ್ದು ಗಂಡನ ಮಾತನ್ನೇ.

ಹೊಸದುರ್ಗದ ತೆಂಗಿನಕಾಯಿ ಮಂಡಿಗಳ ಸಾಲಿನಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ಪಕ್ಕದ ಮನೆ ನಮ್ಮದು. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಕೊನೆಗೆ ಊರಿಗೆಲ್ಲ ಮೈಕಿನ ಮಾವ. ಬೇರೆ ಮೈಕಿನವರು 'ಹಲೋ, ಒಂದು, ಎರಡು, ಮೂರು' ಎಂದು ಸುಮ್ಮನಾದರೆ, ಇವರು ಎಣಿಸಿದ ಮೇಲೆ ತಾರೀಕು, ಇಸವಿ, ಊರು, ಯಾರ ಮನೆ, ಬಿಸಿಲೋ ಮೋಡವೋ ಎಲ್ಲವನ್ನೂ ಹೇಳಿಯೇ ಮುಗಿಸುವುದು. ಅಷ್ಟರಲ್ಲಿ ಪುರೋಹಿತರ ತಾಳ್ಮೆ ಕೆಟ್ಟಿರುತ್ತಿತ್ತು. "ಏನಪ್ಪ, ಮುಹೂರ್ತಾನೂ ನೀನೇ ಇಡ್ತೀಯೇನು?" ಎಂದು ಒಬ್ಬರು ಮಂಟಪದಿಂದಲೇ ಕೂಗಿದ್ದರಂತೆ.

ಹೋದಲ್ಲೆಲ್ಲ ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಅಂಗಡಿಯ ಗೋಡೆಗೆ ಹನ್ನೆರಡು ಖಾನೆಗಳ ಒಂದು ಬೀರು, ತಿಂಗಳಿಗೊಂದು ಖಾನೆ. ಸಿನಿಮಾದ ಹೆಸರು, ಗಾಯಕರ ಹೆಸರು ಹೇಳಿದರೆ ಅವರಿಗೆ ಏನೂ ಸಿಗುತ್ತಿರಲಿಲ್ಲ. ತಾರೀಕು ಹೇಳಿದರೆ ಕಣ್ಣು ಮುಚ್ಚಿ ತೆಗೆಯುತ್ತಿದ್ದರು. ಒಂದು ಸಿನಿಮಾ ಹಾಡು ನಮ್ಮ ಸೀಮೆಯಲ್ಲಿ ಮೊದಲು ಕೇಳಿಸಿದ್ದು ಯಾವ ದಿನವೋ, ಪ್ರತಿ ವರ್ಷ ಅದೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಮೇಲಿನ ಕಹಳೆಯಂಥ ಸ್ಪೀಕರಿನಲ್ಲಿ ಅದನ್ನು ಹಾಕುತ್ತಿದ್ದರು. ಮಂಡಿಯ ಹಮಾಲರು ಕ್ಯಾಲೆಂಡರ್ ನೋಡುತ್ತಲೇ ಇರಲಿಲ್ಲ. "ಮನುಷ್ಯರಿಗಷ್ಟೇ ಯಾಕೆ ಹುಟ್ಟಿದಬ್ಬ? ಹಾಡೂ ಒಂದಿನ ಹುಟ್ಟಿರ್ತತೆ ಕಣವ್ವ," ಎನ್ನುತ್ತಿದ್ದರು.

ಈಗ ನನ್ನ ಅವ್ವನ ವಿಷಯ ಹೇಳಬೇಕು. ಅವಳ ತವರು ಹಿರಿಯೂರು ಕಡೆಯ ಯಲ್ಲದಕೆರೆ. ನನ್ನ ನಾಮಕರಣ ಅಲ್ಲೇ ನಡೆದದ್ದು, ಸಂಕ್ರಾಂತಿಯ ಮಾರನೆಯ ದಿನ. ಮೈಕು ನಮ್ಮ ಮಾವನದೇ. ತೊಟ್ಟಿಲ ಹಾಡುಗಳೆಲ್ಲ ಮುಗಿದ ಮೇಲೆ ಅವ್ವ ತಾನೇ ಕಟ್ಟಿದ ಒಂದು ತಮಾಷೆಯ ಹಾಡು ಹಾಡಿದಳಂತೆ. ನೀರಿಗೆ ಹೋದ ಸೊಸೆ ಕೊಡವನ್ನು ಬಾವಿಕಟ್ಟೆಯಲ್ಲೇ ಮರೆತು, ಊರಿನ ಸುದ್ದಿಯನ್ನೆಲ್ಲ ಹೊತ್ತು ಮನೆಗೆ ಬರುವ ಹಾಡು ಅದು. ಹೆಂಗಸರು ಬಿದ್ದು ಬಿದ್ದು ನಕ್ಕು, ಕಲಿತುಕೊಂಡು ಹೋದರು. ಅದೇ ವರ್ಷದ ದೀಪಾವಳಿಗೆ ಚಿತ್ರದುರ್ಗದ ಒಂದು ಗಾಯನ ತಂಡದ ಕ್ಯಾಸೆಟ್ಟಿನಲ್ಲಿ ಆ ಹಾಡು ಬಂತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆಯಲ್ಲಿ ಎಲ್ಲೆಲ್ಲೂ ಅದೇ.

ನಾನು ಐದನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ತಾಯಂದಿರ ಹಾಡಿನ ಸ್ಪರ್ಧೆ ನಡೆಯಿತು. ಅವ್ವ ಹಾಡಲು ಶುರು ಮಾಡಿದ್ದಳಷ್ಟೇ, ತೀರ್ಪುಗಾರರು ಕೈ ಎತ್ತಿದರು. "ಕ್ಯಾಸೆಟ್ ಹಾಡು ಬ್ಯಾಡಮ್ಮ, ಸ್ವಂತದ್ದು ಇದ್ರೆ ಹಾಡ್ರಿ." ಜನ ನಕ್ಕರು. ಅವ್ವ ಸೆರಗು ಸರಿಮಾಡಿಕೊಂಡು ವೇದಿಕೆ ಇಳಿದಳು. ಆಮೇಲೆ ಅವಳು ರೊಟ್ಟಿ ತಟ್ಟುವಾಗಲೂ ಗುನುಗಿದ್ದನ್ನು ನಾನು ಕೇಳಲಿಲ್ಲ. ಆ ನಗು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಾವ ಅಂದೇ ನಮ್ಮ ಜಗಲಿಗೆ ಬಂದು ಕುಳಿತರು. "ನನ್ ಹತ್ರ ಐತೆ ಕಣವ್ವ. ನೀನು ಹಾಡಿದ್ದು ನನ್ ಕ್ಯಾಸೆಟ್ನಾಗೆ ಐತೆ, ತಾರೀಕಿನ ಸಮೇತ." ಬೀರುವಿನ ಜನವರಿ ಖಾನೆ ಹುಡುಕಿದರು. ಸಿಗಲಿಲ್ಲ. ವರ್ಷಗಟ್ಟಲೆ ಹುಡುಕಿದರು. ತಾರೀಕು ತಪ್ಪದ ಮನುಷ್ಯ ನಮ್ಮ ಮನೆಯ ಮುಂದೆ ತಲೆ ತಗ್ಗಿಸಿ ಓಡಾಡತೊಡಗಿದರು. ಅವ್ವ "ಹೋಗ್ಲಿ ಬಿಡಣ್ಣ" ಎಂದಷ್ಟೂ ಅವರಿಗೆ ಸಂಕಟ ಹೆಚ್ಚಾಯಿತು.

ನಾನು ಓದಿ, ಟೀಚರ್ ಆಗಿ, ನನ್ನ ಮಕ್ಕಳೇ ಶಾಲೆಗೆ ಹೋಗುವ ಹೊತ್ತಿಗೆ ಮೇ ತಿಂಗಳ ಒಂದು ದಿನ ಹೀಗಾಯಿತು. ಮಾವ ಅಂದಿನ ಲೆಕ್ಕಕ್ಕೆ ಮಾರಿಕಣಿವೆಯ ಒಂದು ಹಳೇ ಮದುವೆಯ ಕ್ಯಾಸೆಟ್ ಹಾಕಿ, ಹಾಡು ಮುಗಿದೊಡನೆ ಎಂದಿನಂತೆ ನಿಲ್ಲಿಸದೆ, ಬಿಸಿಲಿಗೆ ಕುರ್ಚಿಯಲ್ಲೇ ನಿದ್ದೆಹೋದರು. ಒಂದು ಮಗ್ಗುಲು ಮುಗಿದದ್ದೇ ಟೇಪ್‌ರೆಕಾರ್ಡರ್ ತಾನೇ ಇನ್ನೊಂದು ಮಗ್ಗುಲಿಗೆ ಹೊರಳಿತು. ಸ್ಪೀಕರಿನಿಂದ ಅವರದೇ ಎಳೆಯ ದನಿ ಅವರನ್ನೇ ಎಬ್ಬಿಸಿತು: "ಹಲೋ, ಒಂದು, ಎರಡು. ಇವತ್ತು ಜನವರಿ ಹದಿನೈದು..." ಉಳಿದಿದ್ದ ಮಗ್ಗುಲು ಹಾಳಾಗಬಾರದೆಂದು ನಾಮಕರಣವನ್ನು ಮದುವೆಯ ಹಿಂದೆ ತುಂಬಿ, ಮೊದಲ ಮಗ್ಗುಲಿನ ತಾರೀಕನ್ನಷ್ಟೇ ಬರೆದು ಮೇ ಖಾನೆಗೆ ಸೇರಿಸಿದ್ದರು. ಮಹಾನುಭಾವ ಗಕ್ಕನೆ ಟೇಪು ನಿಲ್ಲಿಸಿ, ಚಪ್ಪಲಿಯನ್ನೂ ಮೆಟ್ಟದೆ ಕಾದ ನೆಲದ ಮೇಲೆ ಓಡಿ ಬಂದು ನಮ್ಮ ಬಾಗಿಲಲ್ಲಿ ಕುಣಿದರು.

"ಈಗಲೇ ಹಾಕ್ರಿ ಮಾವ, ಊರೆಲ್ಲ ಕೇಳಲಿ!" ಎಂದೆ.

"ಜನವರಿ ಬರಲಿ. ಹಾಡಿನ ದಿನಕ್ಕೆ ಹಾಡು."

"ಅಷ್ಟರಾಗೆ ಅವ್ವಂಗೆ ಏನಾದ್ರೂ ಆದ್ರೆ?" ಎಂದು ನಾನು ಕೂಗಾಡಿದೆ. ಎಂಟು ದಿನ ಅವರ ಜೊತೆ ಮಾತು ಬಿಟ್ಟೆ. ಅವರು ಜಗ್ಗಲಿಲ್ಲ. ಡಿಸೆಂಬರಿನಲ್ಲಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಆ ತಂಡದ ಮುಖ್ಯಸ್ಥರನ್ನು ಆ ಹಾಡಿನ ಹುಟ್ಟಿದಹಬ್ಬಕ್ಕೆ ಕರೆದು ಬಂದರು. ತಮಗೇ ಸನ್ಮಾನವಿರಬೇಕು ಎಂದುಕೊಂಡು ಮುಖ್ಯಸ್ಥರು ಒಪ್ಪಿಕೊಂಡರಂತೆ.

ಜನವರಿ ಹದಿನೈದು. ಅಂಗಡಿಯ ಮುಂದೆ ಶಾಮಿಯಾನ, ಮಂಡಿಯ ಜನ, ನನ್ನ ಶಾಲೆಯ ಮಕ್ಕಳು. ತಲೆ ನರೆತ ಮುಖ್ಯಸ್ಥರು ಗರಿಗರಿ ಜುಬ್ಬಾ ತೊಟ್ಟು, ಕೊರಳಿಗೆ ಹಾರ ಹಾಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕುಳಿತರು. ಅವ್ವ ಹಿಂದೆ, ನನ್ನ ಕೈ ಹಿಡಿದುಕೊಂಡು. ಒಂಬತ್ತಕ್ಕೆ ಸರಿಯಾಗಿ ಮಾವ ಆ ಚಪ್ಪಟೆ ಬೆರಳಿನಿಂದ ಗುಂಡಿ ಒತ್ತಿದರು.

ತಾರೀಕು ಬಂತು, ಇಸವಿ ಬಂತು. "ಊರು ಯಲ್ಲದಕೆರೆ, ಬಿಸಿಲು ಚೆನ್ನಾಗೈತೆ" ಎಂದು ಬಂತು. ನಡುವೆ ಒಂದು ಕೂಸು ಅತ್ತಿತು, ಅದು ನಾನು. ಆಮೇಲೆ ಅವ್ವನ ಇಪ್ಪತ್ತರ ಕಂಠ, ಹಾಡು ಪೂರ್ತಿ. ಕೊನೆಗೆ ಮಾವನ ಪ್ರಶ್ನೆ: "ಯಾರು ಕಟ್ಟಿದ್ದವ್ವ ಈ ಹಾಡು?" ನಾಚಿದ ದನಿ ಹೇಳಿತು: "ನಾನೇ ಕಣಣ್ಣ."

ಮುಖ್ಯಸ್ಥರು ಎದ್ದರು. ಜಗಳವೇ ಆಗುತ್ತದೆಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅವರು ನೇರ ಅವ್ವನ ಹತ್ತಿರ ಬಂದು, ತಮ್ಮ ಕೊರಳಿನ ಹಾರ ತೆಗೆದು ಅವಳ ಕೈಗಿಟ್ಟರು. "ಹಿರಿಯೂರು ಕಡೆ ಹಾಡು ಅಂತಷ್ಟೇ ಗೊತ್ತಿತ್ತಮ್ಮ. ಯಾರದು ಅಂತ ನಾವು ಕೇಳಲೇ ಇಲ್ಲ. ತಪ್ಪು ನಮ್ಮದು. ಬರ್ರಿ, ಹಾಡ್ರಿ."

ಮೈಕಿನ ಮುಂದೆ ನಿಂತ ಅವ್ವ ಮೊದಲು ಹಾಡಲಿಲ್ಲ. "ಮೂರನೇ ನುಡಿ ನೀವು ತಪ್ಪು ಹಾಡ್ತೀರಿ," ಎಂದಳು. "ತಾಮ್ರದ ಬಿಂದಿಗೆ ಅಂತೀರಿ. ನಮ್ಮನೆಯಾಗೆ ತಾಮ್ರದ್ದು ಎಲ್ಲಿತ್ತಪ್ಪ? ಅದು ಮಣ್ಣಿನ ಕೊಡ!"

ಮಂಡಿಯೇ ಹಾರಿಹೋಗುವಂತೆ ಜನ ನಕ್ಕರು. ಈ ಸಲದ ನಗು ಅವಳದು. ಆಮೇಲೆ ಅವಳು ಹಾಡಿದಳು, ಚಿತ್ರದುರ್ಗದ ಮುಖ್ಯಸ್ಥರು ಪಕ್ಕದಲ್ಲಿ ನಿಂತು ತಾಳ ಹಾಕಿದರು. ಮಾವ ಮೈಕಿನ ವೈರು ಸರಿಮಾಡುವ ನೆಪದಲ್ಲಿ ಬಗ್ಗಿ ಕುಳಿತು ಅತ್ತರು. ಅಂದಿನಿಂದ ನಮ್ಮ ಮನೆಯ ಅಡುಗೆಮನೆಯಲ್ಲಿ ಹಾಡು ನಿಂತಿಲ್ಲ. ಈಗೀಗ ಸ್ವಲ್ಪ ನಿಂತರೆ ಸಾಕು ಎನಿಸುವಷ್ಟಾಗಿದೆ.

ಹೋದ ಶ್ರಾವಣದಲ್ಲಿ ಮಾವ ತೀರಿಕೊಂಡರು. ಅಂಗಡಿಯ ಮುಂದೆ ಭಜನೆಗೆಂದು ಅವರದೇ ಮೈಕು ಇಟ್ಟಿದ್ದರು. ಯಾರೋ 'ಹಲೋ, ಹಲೋ' ಎಂದು ಸುಮ್ಮನಾದಾಗ ಅವ್ವ ಎದ್ದು ಹೋಗಿ ಮೈಕು ಇಸಿದುಕೊಂಡಳು. "ಹಿಂಗಲ್ಲ," ಎಂದು ತಾರೀಕು ಹೇಳಿದಳು, ಇಸವಿ ಹೇಳಿದಳು. "ಊರು ಹೊಸದುರ್ಗ. ನಮ್ಮಣ್ಣನ ಮನೆ. ಮೋಡ ಐತೆ." ಆಮೇಲೆ ಅವರಿಗಾಗಿ ಅಲ್ಲೇ ಒಂದು ಹೊಸ ಹಾಡು ಕಟ್ಟಿ ಹಾಡಿದಳು.

ನಾನು ಅದನ್ನು ಮಾವನ ಟೇಪ್‌ರೆಕಾರ್ಡರಿನಲ್ಲೇ ಇಳಿಸಿಕೊಂಡೆ. ಬೀರುವಿಗೆ ಸೇರಿಸುವ ಮೊದಲು ಕ್ಯಾಸೆಟ್ಟಿನ ಮೇಲೆ ತಾರೀಕು ಬರೆದೆ, ಎರಡೂ ಮಗ್ಗುಲಿಗೆ.