ಚರುಮುರಿಗಾಗಿ ಕಾಪುವಿಗೆ

ಕಾರ್ಕಳದಲ್ಲಿ ಎಂಟೂವರೆಯ ಬಸ್ಸೆಂದರೆ ಒಂಬತ್ತಕ್ಕೆ ಹೊರಡುವ ಬಸ್ಸು ಎಂದು ಎಲ್ಲರಿಗೂ ಗೊತ್ತು. ಆದರೂ ಅತ್ತೆಯವರು, ಎಂದರೆ ನನ್ನ ಗಂಡನ ತಾಯಿ, ಏಳೂವರೆಗೇ ನನ್ನನ್ನು ಬಸ್‌ಸ್ಟ್ಯಾಂಡಿಗೆ ತಂದು ನಿಲ್ಲಿಸಿದ್ದರು. ನನ್ನ ಕೈಯಲ್ಲಿ ಮಾವಿನಕಾಯಿಯ ಚೀಲ, ಅವರ ಕೈಯಲ್ಲಿ ಒಂದು ಬಟ್ಟೆಯ ಗಂಟು. ಮಾವಿನಕಾಯಿ ಉಡುಪಿಯಲ್ಲಿದ್ದ ನನ್ನ ನಾದಿನಿಗೆ. ಮನೆಯಲ್ಲಿ ನಮ್ಮವರಿಗೆ ಹೇಳಿದ್ದೂ ಅಷ್ಟೇ. ಗಂಟಿನಲ್ಲಿ ಏನಿದೆಯೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದರಲ್ಲಿ ಒಂದು ಹಿತ್ತಾಳೆಯ ಬಟ್ಟಲು, ಚೂರಿ, ತೆಂಗಿನೆಣ್ಣೆಯ ಸಣ್ಣ ಸೀಸೆ, ಕುಡಿಯುವ ನೀರಿನ ಚೆಂಬು ಮತ್ತು ಚೀಲದಿಂದ ಬೇರೆ ತೆಗೆದಿಟ್ಟ ಒಂದು ಮಾವಿನಕಾಯಿ ಇದ್ದವು. ನಿಜ ಹೇಳಬೇಕೆಂದರೆ ನಾವು ಹೊರಟದ್ದು ಕಾಪುವಿನ ಕಡಲ ಬದಿಗೆ, ಚರುಮುರಿ ತಿನ್ನಲು.

ಇದಕ್ಕೆ ಹಿನ್ನೆಲೆ ಉಂಟು. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ನನ್ನ ಮಾವನವರು ಬದುಕಿದ್ದಾಗ ಅಕ್ಕಿಯ ವ್ಯಾಪಾರಕ್ಕೆಂದು ಆಗಾಗ ಕಾಪುವಿಗೆ ಹೋಗುತ್ತಿದ್ದರಂತೆ. ಸಂಜೆ ದೀಪಸ್ತಂಭದ ಹತ್ತಿರ ನೀರುಳ್ಳಿ ಹಾಕದ ಚರುಮುರಿ ಮಾಡಿಸಿ ತಿಂದು, ಹೆಂಡತಿಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರು. ಮನೆ ಮುಟ್ಟುವಾಗ ಕತ್ತಲೆ. ಅತ್ತೆಯವರು ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಬಿಚ್ಚಿದರೆ ಮಂಡಕ್ಕಿ ಮೆತ್ತಗಾಗಿ ಮುದ್ದೆಯಾಗಿರುತ್ತಿತ್ತು. "ಕಾಪುವಿನ ಚರುಮುರಿಯ ರುಚಿ ನಮ್ಮ ಹಟ್ಟಿಯ ದನಕ್ಕೆ ಗೊತ್ತುಂಟು, ನನಗೆ ಗೊತ್ತಿಲ್ಲ," ಎಂದು ಅತ್ತೆಯವರು ಈಗಲೂ ಹೇಳುವುದುಂಟು. ಚರುಮುರಿಯ ಜೊತೆಗೆ ಮಾವನವರು ಅಲ್ಲಿ ಸೂರ್ಯ ನೀರಿಗಿಳಿಯುವ ವರ್ಣನೆಯನ್ನೂ ತರುತ್ತಿದ್ದರು. ದಿನವೂ ಸೂರ್ಯನ ಮೇಲೆ ಕಣ್ಣಿಟ್ಟು ಉಣ್ಣುವ ನನ್ನ ಅತ್ತೆ ಅವನು ಮುಳುಗುವುದನ್ನು ಒಮ್ಮೆಯೂ ಕಂಡವರಲ್ಲ. ನಮ್ಮ ಮನೆಯ ಪಶ್ಚಿಮಕ್ಕೆ ಗುಡ್ಡೆ. ಸೂರ್ಯ ಗುಡ್ಡೆಯ ಹಿಂದೆ ಹೋದರೆ ಅವರಿಗೆ ಅದೇ ಅಸ್ತಮಾನ.

ಅವಸರಕ್ಕೂ ಕಾರಣವಿತ್ತು. ಮುಂದಿನ ವಾರದ ಹುಣ್ಣಿಮೆಗೆ ಅತ್ತೆಯವರು ದಿಗ್ವ್ರತ ಹಿಡಿಯುವವರಿದ್ದರು. ನಾಲ್ಕು ದಿಕ್ಕಿಗೂ ಒಂದೊಂದು ಗಡಿ ಹೇಳಿ, ಇನ್ನು ಬದುಕಿರುವಷ್ಟು ಕಾಲ ಅದರಾಚೆಗೆ ಕಾಲಿಡುವುದಿಲ್ಲ ಎನ್ನುವ ವ್ರತ ಅದು. ಅವರ ಗಡಿ ನಮ್ಮ ಊರಿನೊಳಗೇ ಎಂದು ತೀರ್ಮಾನವಾಗಿತ್ತು. ಉಡುಪಿಯ ಮಗಳ ಗತಿಯೇನು ಎಂದರೆ, "ಅವಳಿಗೆ ಕಾಲು ಉಂಟಲ್ಲ, ಇಲ್ಲಿಗೇ ಬರಲಿ," ಎಂದಿದ್ದರು. ಸಾಲದ್ದಕ್ಕೆ ಆ ತಿಂಗಳು ಪೂರ್ತಿ ದಿನಕ್ಕೆ ಒಂದೇ ಊಟ. ಆ ದಿನದ ಒಂದು ಊಟವನ್ನು ಅವರು ಕಾಪುವಿಗೆಂದೇ ಉಳಿಸಿಕೊಂಡಿದ್ದರು. ಹೊತ್ತು ಮೀರಿದರೆ ಮರುದಿನದ ತನಕ ಉಪವಾಸ, ಕಾಪುವಿನ ಮಾತು ಅಲ್ಲಿಗೇ ಮುಗಿಯಿತು.

ಮೇ ತಿಂಗಳ ಬಿಸಿಲು. ಬೈಲೂರು, ಹಿರಿಯಡ್ಕ ದಾಟುವಷ್ಟರಲ್ಲಿ ಬಸ್ಸಿನೊಳಗಿನ ನಾವೆಲ್ಲ ಕೆಂಪು ಧೂಳಿನಲ್ಲಿ ಒಂದೇ ಬಣ್ಣವಾಗಿದ್ದೆವು. ಪರ್ಕಳದ ಏರು ಹತ್ತಿ ಮಣಿಪಾಲಕ್ಕೆ ಬಂದಾಗ ಅತ್ತೆಯವರು ಕಿಟಕಿಗೆ ಮುಖವೊತ್ತಿ ನೋಡಿದರು. ಅವರು ಹಿಂದೆ ನೋಡಿದ್ದು ಬೋಳು ಗುಡ್ಡೆ. ಈಗ ಅಲ್ಲಿ ಸಾಲು ಸಾಲು ಹೊಸ ಕಟ್ಟಡಗಳು, ಪುಸ್ತಕ ಹಿಡಿದು ನಡೆಯುವ ಹುಡುಗ ಹುಡುಗಿಯರು.

"ಇಲ್ಲಿ ನೀರು ಉಂಟಾ?" ಎಂದು ಪಕ್ಕದವರನ್ನು ಕೇಳಿದರು.

"ಕಾಲೇಜು ಉಂಟು ಅಮ್ಮ, ಆಸ್ಪತ್ರೆ ಉಂಟು."

"ಅದು ಕಾಣ್ತದೆ. ನಾನು ಕೇಳಿದ್ದು ನೀರು."

ಉತ್ತರ ಸಿಗುವ ಮೊದಲೇ ಬಸ್ಸು ಇಳಿಜಾರಿಗೆ ಬಿದ್ದು ಉಡುಪಿಯತ್ತ ಓಡಿತು.

ಉಡುಪಿಯಲ್ಲಿ ನಾದಿನಿ ನಮ್ಮನ್ನು ಬಿಟ್ಟರೆ ತಾನೆ. ನಾನು ಮಾವಿನಕಾಯಿ ಕೊಟ್ಟು ಹೊರಡುವ ಲೆಕ್ಕದಲ್ಲಿದ್ದೆ. ಅವಳು ಅನ್ನಕ್ಕಿಟ್ಟಳು, ಪಾಯಸಕ್ಕಿಟ್ಟಳು, ಮೂರು ತಿಂಗಳ ಸುದ್ದಿಯನ್ನೂ ಒಲೆಗಿಟ್ಟಳು. ನಾನು ಹೊಟ್ಟೆ ತುಂಬ ಉಂಡೆ. ಅತ್ತೆಯವರು ನೀರು ಕುಡಿದು ಗೋಡೆಗೊರಗಿ ಕುಳಿತರು.

"ಎಂತ ಅಮ್ಮ, ನನ್ನ ಕೈಯ ಊಟ ಬೇಡವಾ?"

"ನನ್ನದು ಸಂಜೆಗೆ."

"ಸಂಜೆ ಎಲ್ಲಿ?"

"ದಾರಿಯಲ್ಲಿ," ಎಂದು ಅತ್ತೆಯವರು ನನ್ನ ಮುಖ ನೋಡಿದರು. ನಾನು ಪಾಯಸದ ಲೋಟದೊಳಗೆ ನೋಡಿದೆ. ಸುದ್ದಿಯೆಲ್ಲ ಮುಗಿಸಿ ನಾವು ಕಾಪುವಿನ ಬಸ್ಸು ಹಿಡಿಯುವಾಗ ಗಂಟೆ ನಾಲ್ಕೂವರೆ ದಾಟಿತ್ತು.

ಉಡುಪಿಯಿಂದ ಕಾಪುವಿಗೆ ಎಂಟು ಮೈಲು. ಎಷ್ಟು ನಿಧಾನ ಹೋದರೂ ಹೊತ್ತಿಗೆ ಮೊದಲು ಮುಟ್ಟಬೇಕು. ಆದರೆ ಉದ್ಯಾವರಕ್ಕೆ ಬಂದಾಗ ಢಬ್ಬೆಂದು ಸದ್ದಾಗಿ ಬಸ್ಸು ಒಂದು ಬದಿಗೆ ವಾಲಿತು. ಟಯರು ಒಡೆದಿತ್ತು. ಬದಲಿ ಟಯರಿಗೂ ಗಾಳಿ ಇರಲಿಲ್ಲ. ಕಂಡಕ್ಟರ್ ಬೀಡಿ ಹಚ್ಚಿಕೊಂಡು ಮರದಡಿಯಲ್ಲಿ ಕುಳಿತುಬಿಟ್ಟ.

"ಎಷ್ಟು ಹೊತ್ತು ಆಗ್ತದೆ?" ಎಂದು ಕೇಳಿದೆ.

"ಉಡುಪಿಯಿಂದ ಬೇರೆ ಟಯರು ಬರ್ಬೇಕು. ನೀವು ನೆರಳಿನಲ್ಲಿ ಕೂತ್ಕೊಳ್ಳಿ ಟೀಚರ್."

ನಾನು ಟೀಚರ್ ಎಂದು ಅವನಿಗೆ ಯಾರು ಹೇಳಿದರೋ. ಬಹುಶಃ ನನ್ನ ದನಿಯೇ ಹೇಳಿರಬೇಕು. ಒಡೆದದ್ದು ಟಯರಾದರೂ ಸಿಟ್ಟು ಬಂದದ್ದು ಅವನ ಬೀಡಿಯ ಮೇಲೆ. ಅತ್ತೆಯವರು ಸೆರಗಿನಿಂದ ಹಣೆ ಒರೆಸಿಕೊಂಡು ಸೂರ್ಯನನ್ನು ನೋಡುತ್ತ ನಿಂತರು. ನಿನ್ನೆ ಸಂಜೆಗೂ ಮೊದಲು ಉಂಡವರು. ಅವರು ಗಂಟನ್ನು ನೆಲಕ್ಕಿಳಿಸಿ ಬಸ್ಸಿಗೆ ಒರಗಿಕೊಂಡದ್ದು ಕಂಡು ನನಗೆ ಹೆದರಿಕೆಯಾಯಿತು. ಮಧ್ಯಾಹ್ನ ಪಾಯಸ ಕುಡಿದದ್ದಕ್ಕೆ ನಾಚಿಕೆಯೂ ಆಯಿತು.

ಹಿಂದಿನಿಂದ ಬಂದ ಎರಡು ಬಸ್ಸುಗಳು ತುಂಬಿ ತುಳುಕುತ್ತ ನಿಲ್ಲದೆ ಹೋದವು. ಬಹಳ ಹೊತ್ತಿನ ಮೇಲೆ, ತಲೆಗಿಷ್ಟೆಂದು ಜನ ಹತ್ತಿಸಿಕೊಳ್ಳುವ ಒಂದು ಸರ್ವಿಸ್ ಕಾರು ಬಂತು. ಆರು ಮಂದಿಯ ಕಾರಿನಲ್ಲಿ ಆಗಲೇ ಒಂಬತ್ತು ಮಂದಿ. ನಾನು ರಸ್ತೆಯ ನಡುವೆಯೇ ನಿಂತು ಕೈ ಅಡ್ಡ ಹಿಡಿದೆ. ಡ್ರೈವರ್ ಪಾಸ್ಕಲ್ ಎಂಬ ಉದ್ಯಾವರದವನೇ. ಕುತ್ತಿಗೆಯಲ್ಲಿ ಶಿಲುಬೆಯ ಸರ, ಬಾಯಲ್ಲಿ ಎಲೆಯಡಿಕೆ.

"ಜಾಗ ಎಲ್ಲುಂಟು ಬಾಯಮ್ಮ?"

"ಇವರು ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಸೂರ್ಯ ಮುಳುಗುವ ಮೊದಲು ಕಾಪುವಿನಲ್ಲಿ ತಿನ್ಬೇಕು. ಆಮೇಲೆ ತಿನ್ಲಿಕ್ಕಿಲ್ಲ."

ಪಾಸ್ಕಲ್ ಅತ್ತೆಯವರನ್ನು ನೋಡಿದ. "ನಮ್ಮಲ್ಲಿಯೂ ಉಪವಾಸ ಉಂಟು, ಶುಕ್ರವಾರದ್ದು. ಆದರೆ ಸೂರ್ಯನ ಜೊತೆ ರೇಸ್ ಇಲ್ಲ," ಎಂದು ತನ್ನ ಪಕ್ಕದಲ್ಲಿದ್ದ ಇಬ್ಬರನ್ನು ಹಿಂದಕ್ಕೆ ತಳ್ಳಿ ಅತ್ತೆಯವರಿಗೆ ಮುಂದಿನ ಸೀಟು ಕೊಟ್ಟ. ನಾನು ಹಿಂದೆ ಯಾರದೋ ಮೀನಿನ ಬುಟ್ಟಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡೆ. ಮೀನಿನ ವಾಸನೆಗೆ ಅತ್ತೆಯವರು ಮೂಗಿಗೆ ಸೆರಗು ಹಿಡಿದರು, ಆದರೆ ಇಳಿಯುತ್ತೇನೆ ಎನ್ನಲಿಲ್ಲ. ಕಟಪಾಡಿಯಲ್ಲಿ ಇಳಿಯಬೇಕಾದವರನ್ನು ಪಾಸ್ಕಲ್ ಕಾರು ಪೂರ್ತಿ ನಿಲ್ಲಿಸದೆಯೇ ಇಳಿಸಿದ.

ಕಾಪು ಪೇಟೆಯಲ್ಲಿ ಇಳಿದು ಕಡಲಿಗೆ ನಡೆಯಬೇಕು. ಸಣ್ಣ ದಾರಿ, ಎರಡೂ ಬದಿಗೆ ತೆಂಗಿನ ತೋಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿಯ ಮೇಲಿದ್ದ ಬಿಸಿಲು ಹೋಯಿತು. ತೆಂಗಿನ ಮರಗಳಾಚೆ ಸೂರ್ಯ ಕಾಣಲಿಲ್ಲ. ಅತ್ತೆಯವರು ನಿಂತರು. ಮತ್ತೆ ದಾರಿಬದಿಯ ಒಂದು ಮೋರಿಯ ಕಟ್ಟೆಯ ಮೇಲೆ ಕುಳಿತು ಗಂಟನ್ನು ಮಡಿಲಲ್ಲಿಟ್ಟುಕೊಂಡರು.

"ಆಯಿತು ಪದ್ಮಾ. ಮುಳುಗಿತು."

"ಇಲ್ಲ ಅತ್ತೆ, ಇನ್ನೂ ಹೊತ್ತುಂಟು."

"ನಂಗೆ ನೀನು ಹೊತ್ತು ಕಲಿಸ್ತೀಯಾ? ಐವತ್ತು ವರ್ಷದಿಂದ ನೋಡ್ತಿದ್ದೇನೆ. ಬಿಸಿಲು ಹೋದ ಮೇಲೆ ಇಲ್ಲ."

ನನಗೆ ಅಳು ಬಂತು. ಅಳುವುದಕ್ಕಿಂತ ಜಗಳವಾಡುವುದು ನನಗೆ ಸುಲಭ. "ತಿನ್ನಬೇಡಿ. ಕಡಲಾದರೂ ನೋಡುವ, ಏಳಿ. ಚರುಮುರಿಯವನ ಮುಖವಾದರೂ ನೋಡಿ ಹೋಗುವ," ಎಂದು ಅವರ ಗಂಟು ಕಿತ್ತುಕೊಂಡು ಮುಂದೆ ನಡೆದೆ. ಬಟ್ಟಲು ನನ್ನ ಕೈಯಲ್ಲಿದ್ದುದರಿಂದ ಅವರು ಹಿಂದೆ ಬರಲೇಬೇಕಾಯಿತು.

ತೋಟ ಮುಗಿದು ಮರಳು ಸಿಕ್ಕಿತು. ಎದುರಿಗೆ ಬಂಡೆಯ ಮೇಲೆ ದೀಪಸ್ತಂಭ, ಅದರ ಎಡಬಲಕ್ಕೆ ಕಣ್ಣು ಮುಟ್ಟುವಷ್ಟೂ ನೀರು. ನೀರಿನ ಮೇಲೆ, ಒಳ್ಳೆಯ ಎರಡು ಗೇಣು ಎತ್ತರದಲ್ಲಿ, ಸೂರ್ಯ ಏನೂ ಆಗದವನ ಹಾಗೆ ನಿಂತಿದ್ದ.

ಅತ್ತೆಯವರು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. "ಇವ ಇಲ್ಲೇ ಇದ್ದಾನಲ್ಲ," ಎಂದರು. ಆಮೇಲೆ ಮೆಲ್ಲಗೆ, "ಹಾಗಾದರೆ ನಾನು ಇಷ್ಟು ವರ್ಷ ಗುಡ್ಡೆಗೆ ಹೆದರಿ ಅವಸರ ಅವಸರದಲ್ಲಿ ಉಂಡದ್ದು, ಅಲ್ವಾ?"

ಸಂಜೆ ಗಾಳಿಗೆ ಬಂದ ಜನ ಅಲ್ಲಲ್ಲಿ ಕುಳಿತಿದ್ದರು. ಹುರಿದ ನೆಲಗಡಲೆಯವರು, ಬಾಣಲೆಯಿಂದ ಗೋಳಿಬಜೆ ತೆಗೆಯುತ್ತಿದ್ದ ಒಬ್ಬಾಕೆ, ಸೀಯಾಳದವರು. ಬಂಡೆಯ ಬುಡದಲ್ಲಿ ಬೆತ್ತದ ನಿಲುವಿನ ಮೇಲೆ ಅಗಲ ಬುಟ್ಟಿಯಿಟ್ಟು ಚರುಮುರಿಯವನು ನಿಂತಿದ್ದ. ಅತ್ತೆಯವರು ಮರಳಿನಲ್ಲಿ ಓಡಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

"ನೀರುಳ್ಳಿ ಹಾಕ್ಬೇಡ. ನಿನ್ನ ಚೂರಿ ಮುಟ್ಟಿಸ್ಬೇಡ. ನಿನ್ನ ಎಣ್ಣೆಯೂ ಬೇಡ."

"ಮತ್ತೆ ನಾನು ಎಂತ ಹಾಕುದು ಅಮ್ಮ?"

"ಮಂಡಕ್ಕಿ ಹಾಕು. ಬೇಗ ಹಾಕು."

ಅವನು ನಗುತ್ತ ಹಿತ್ತಾಳೆಯ ಬಟ್ಟಲು ತುಂಬ ಮಂಡಕ್ಕಿ ಸುರಿದು, ಮೇಲೆ ಮೆಣಸಿನ ಹುಡಿ ಮತ್ತು ಉಪ್ಪು ಉದುರಿಸಿದ. ನಾನು ನಮ್ಮ ಚೂರಿಯಿಂದ ಮಾವಿನಕಾಯಿಯನ್ನು ಸಣ್ಣಗೆ ಕೊಚ್ಚಿ ಹಾಕಿದೆ. ಅತ್ತೆಯವರು ಸೀಸೆಯಿಂದ ಎಣ್ಣೆ ಬಿಟ್ಟು ಕೈಯಲ್ಲೇ ಕಲಸಿದರು. ಪಶ್ಚಿಮಕ್ಕೆ ಮುಖ ಮಾಡಿ, ಮರಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಮೊದಲ ಹಿಡಿ ಬಾಯಿಗೆ ಹಾಕಿಕೊಂಡರು. ಮಂಡಕ್ಕಿ ಕುರುಕುರು ಎಂದದ್ದು ನನಗೂ ಕೇಳಿಸಿತು.

"ಹೇಗುಂಟು?" ಎಂದೆ.

ಅವರು ಸೂರ್ಯನಿಂದ ಕಣ್ಣು ತೆಗೆಯದೆ ತಿಂದರು. ಬಟ್ಟಲು ಖಾಲಿಯಾಯಿತು. ಚರುಮುರಿಯವನ ಕಡೆಗೆ ಬಟ್ಟಲು ಚಾಚಿದರು.

"ಒಂದೇ ಊಟ ಅಲ್ವಾ ಅತ್ತೆ?"

"ನಾನು ಎದ್ದೆನಾ? ಏಳುವವರೆಗೆ ಒಂದೇ ಊಟ."

ಹಾಗೆ ಮೂರು ಬಟ್ಟಲು. ಇದನ್ನೆಲ್ಲ ನೋಡುತ್ತಿದ್ದ ಮಂಗಳೂರಿನ ಕಡೆಯ ಒಂದು ಕುಟುಂಬದವರು, "ನಮಗೂ ಅಮ್ಮನದ್ದೇ ಕೊಡಿ," ಎಂದು ನಮ್ಮ ಮಾವಿನಕಾಯಿಯ ಉಳಿದರ್ಧವನ್ನು ಕೇಳಿ ಪಡೆದರು. ಚರುಮುರಿಯವನು ಬಟ್ಟಲಿಗೆ ಹತ್ತು ನಯೇ ಪೈಸೆಯಂತೆ ತೆಗೆದುಕೊಂಡ.

"ನಿನ್ನ ಚರುಮುರಿ ಒಳ್ಳೆದುಂಟು," ಎಂದು ಅತ್ತೆಯವರು ಅವನಿಗೆ ಹೇಳಿದರು.

"ಮಂಡಕ್ಕಿ ಮಾತ್ರ ಅಲ್ವಾ ಅಮ್ಮ ನನ್ನದು?"

"ಜಾಗವೂ ನಿನ್ನದೇ," ಎಂದರು.

ಸೂರ್ಯನ ಅಂಚು ನೀರಿಗೆ ತಾಗುವ ಮೊದಲೇ ಅತ್ತೆಯವರು ಚೆಂಬಿನ ನೀರು ಕುಡಿದು ಬಾಯಿ ಮುಕ್ಕಳಿಸಿ ಎದ್ದು ನಿಂತಿದ್ದರು. ಆಮೇಲೆ ಅವನು ಮೆಲ್ಲಮೆಲ್ಲನೆ ಇಳಿದ. ಅರ್ಧವಾದ, ಕೆಂಪು ಗೆರೆಯಾದ, ಇಲ್ಲವಾದ. ಮೋಡದ ಒಂದು ತುಣುಕೂ ಅಡ್ಡ ಬರಲಿಲ್ಲ. "ಅವನಿಗೆ ಅವಸರವೇ ಇಲ್ಲ ನೋಡು," ಎಂದು ಅತ್ತೆಯವರು ನನ್ನ ಕೈ ಹಿಡಿದುಕೊಂಡರು. ನನಗೆ ಆದ ಸಂತೋಷ ಹೇಳತೀರದು. ಟಯರು, ಬೀಡಿ, ಪಾಯಸ, ಗುಡ್ಡೆ, ಎಲ್ಲವನ್ನೂ ನಾವಿಬ್ಬರೂ ಸೇರಿ ಸೋಲಿಸಿದ್ದೆವು.

ಬೆಳ್ಮಣ್ ಮಾರ್ಗವಾಗಿ ಬರುವ ಬಸ್ಸಿನಲ್ಲಿ ಅತ್ತೆಯವರು ಕಾರ್ಕಳದವರೆಗೂ ನಿದ್ದೆ ಮಾಡಿದರು. ಮನೆಯ ಬಾಗಿಲಲ್ಲಿ ನಮ್ಮವರು, "ಮಾವಿನಕಾಯಿ ಕೊಟ್ಟು ಬರಲು ಇಷ್ಟು ಹೊತ್ತಾ?" ಎಂದರು. "ದಾರಿಯಲ್ಲಿ ಒಬ್ಬನನ್ನು ಕಳುಹಿಸಿ ಬರ್ಲಿಕ್ಕಿತ್ತು," ಎಂದು ಅವರ ತಾಯಿ ಒಳಗೆ ನಡೆದರು.

ಹುಣ್ಣಿಮೆಯ ದಿನ ಬಸದಿಯಲ್ಲಿ, ಪೂಜೆ ಮಾಡುವ ಇಂದ್ರರು ಅತ್ತೆಯವರನ್ನು ಎದುರಿಗೆ ಕುಳ್ಳಿರಿಸಿ ವ್ರತದ ಗಡಿಗಳನ್ನು ಕೇಳಿದರು. ಪೂರ್ವಕ್ಕೆ ನಮ್ಮ ಗದ್ದೆಯ ಬದು, ಉತ್ತರಕ್ಕೆ ಬಸದಿ, ದಕ್ಷಿಣಕ್ಕೆ ಪೇಟೆಯ ಕೊನೆ ಎಂದು ಅತ್ತೆಯವರು ಹೇಳುತ್ತ ಬಂದರು.

"ಪಶ್ಚಿಮಕ್ಕೆ, ನಿಮ್ಮ ಮನೆಯ ಹಿಂದಿನ ಗುಡ್ಡೆ ಅಲ್ವಾ?"

"ಅಲ್ಲ. ಕಾಪುವಿನ ದೀಪಸ್ತಂಭ."

ಇಂದ್ರರು ತಲೆಯೆತ್ತಿದರು. "ಅಷ್ಟು ದೂರ ಯಾಕಮ್ಮ?"

"ಆ ದಿಕ್ಕಿಗೆ ನಂಗೆ ಅಷ್ಟು ಬೇಕು," ಎಂದರು ಅತ್ತೆಯವರು. ಇಂದ್ರರು ಹಾಗೆಯೇ ಹೇಳಿಸಿ ವ್ರತ ಕೊಟ್ಟರು.

ಮನೆಗೆ ಬಂದು ನಾನು ಕಾಪುವಿನಿಂದ ಬಂದಂದಿನಿಂದ ಹಾಗೆಯೇ ಇದ್ದ ಗಂಟನ್ನು ಬಿಚ್ಚಿ ಬಟ್ಟಲನ್ನೂ ಚೂರಿಯನ್ನೂ ಅಡಿಗೆಮನೆಯಲ್ಲಿಡಲು ಹೊರಟೆ. "ಗಂಟಿನಲ್ಲೇ ಇರ್ಲಿ," ಎಂದರು ಅತ್ತೆಯವರು.