ನಡುಗಡ್ಡೆಯಲ್ಲಿ ರೊಟ್ಟಿ ಬಡಿಯುವ ಹೆಂಗಸು

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ, ಸೀಗಿ ಹುಣ್ಣಿಮೆ ಕಳೆದ ವಾರ, ಚಿತ್ತಾಪುರದ ಡ್ರಾಯಿಂಗ್ ಮಾಸ್ತರರ ಜೊತೆ ಸೇಡಂನಿಂದ ಬೆಳಗಿನ ಬಸ್ಸು ಹಿಡಿದೆ. ಚಂದ್ರಂಪಳ್ಳಿ ಡ್ಯಾಮಿನ ನೀರಿನ ನಡುವೆ ಅವರು ನಿಲ್ಲಿಸಿದ್ದ ಕಲ್ಲುಗಳನ್ನು ನೋಡುವುದು ನಮ್ಮ ಉದ್ದೇಶ. ಗುಲ್ಬರ್ಗಾದ ಪತ್ರಿಕೆಯೊಂದಕ್ಕೆ ನಾನು ಆಗ ಸುದ್ದಿ ಕಳಿಸುತ್ತಿದ್ದೆ.

ಮಾಸ್ತರರ ತಂದೆ ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಸೀಳುತ್ತಿದ್ದವರು. ಮಗ ರಜೆಯಲ್ಲೆಲ್ಲ ಅದೇ ಗಣಿಗೆ ಹೋಗಿ, ಮೂಲೆ ಮುರಿದು ಯಾರಿಗೂ ಬೇಡವಾದ ಹಾಸುಗಲ್ಲುಗಳನ್ನು ಆಯ್ದು, ಅವುಗಳ ಮೇಲೆ ಚಿತ್ರ ಕೆತ್ತುತ್ತಿದ್ದರು. ಬೇಸಿಗೆಯಲ್ಲಿ ಡ್ಯಾಮಿನ ನೀರು ಇಳಿದಾಗ ಎತ್ತಿನ ಗಾಡಿಯಲ್ಲಿ ಕೆಲವನ್ನು ಸಾಗಿಸಿ ಅಲ್ಲಿಯ ಒಂದು ಬೋಳುಗುಡ್ಡದ ಮೇಲೆ ನೆಟ್ಟರು. ಮಳೆಗಾಲದಲ್ಲಿ ನೀರು ಏರಿತು, ಗುಡ್ಡ ನಡುಗಡ್ಡೆಯಾಯಿತು.

ಜಾಗ ಸರಕಾರದ್ದು. ಅಲ್ಲಿಯ ಎಂಜಿನಿಯರರು ಒಂದು ಶರತ್ತಿನ ಮೇಲೆ ಬಾಯಿಮಾತಿನಲ್ಲಿ ಒಪ್ಪಿದ್ದರು. ಕಲ್ಲುಗಳಿಗೆ ಪೂಜೆ ಶುರುವಾಗಬಾರದು. ಇಂದು ಕಾಯಿ, ನಾಳೆ ಕಟ್ಟೆ, ನಾಡಿದ್ದು ಗುಡಿ ಎಂದಾದರೆ ತಮ್ಮ ನೌಕರಿಗೇ ಸಂಚಕಾರ, ಹಾಗಾದರೆ ಎಲ್ಲವನ್ನೂ ಕೀಳಿಸುತ್ತೇನೆ ಎಂದಿದ್ದರು. ನಾವು ಹೊರಟ ದಿನ ಅವರೇ ಸ್ವತಃ ನೋಡಲು ಬರುವವರಿದ್ದರು.

"ಏನೂ ಆಗಿರಂಗಿಲ್ಲ ಬಿಡ್ರಿ," ಎಂದು ಮಾಸ್ತರರು ಬಸ್ಸಿನಲ್ಲಿ ಒಂದೆರಡು ಸಲ ಹೇಳಿದರು. ನಾನು ಏನೂ ವಿಚಾರಿಸಿರಲಿಲ್ಲ. ಕಿಟಕಿಯಾಚೆ ತೊಗರಿ ಹೂವಿಗೆ ಬಂದಿತ್ತು. ಅವರು ಅತ್ತ ನೋಡಲಿಲ್ಲ.

ದಂಡೆಯಲ್ಲಿ ಎಂಜಿನಿಯರರ ಜೀಪು ನಮಗಿಂತ ಮೊದಲೇ ಬಂದು ನಿಂತಿತ್ತು. ಅವರು ಮೈಸೂರು ಕಡೆಯವರು, ಮಿತಭಾಷಿ. ಮೀನು ಹಿಡಿಯುವವನ ದೋಣಿಯಲ್ಲಿ ಹೊರಟೆವು. ಅವನ ಮುದಿ ತಾಯಿಯೂ ಕುಡುಗೋಲು ಹಿಡಿದು ಹತ್ತಿದಳು. ಆಡುಗಳಿಗೆ ಹುಲ್ಲು ಕೊಯ್ಯಲು ಅವಳು ಆ ಗುಡ್ಡಕ್ಕೆ ಹೋಗಿಬರುವುದು ರೂಢಿಯಂತೆ.

"ಸಾಹೇಬ್ರ, ನಡುವ ಕುಂದ್ರಿ. ನೀವು ಒಂದು ಕಡಿ ಸರದ್ರ ನಾವೆಲ್ಲ ಮೀನಿನ ಪಾಲು," ಎಂದಳು. ಎಂಜಿನಿಯರರು ನಡುವೆ ಸರಿದರು.

ಕಲ್ಲುಗಳನ್ನು ಮೊದಲ ಸಲ ಕಂಡಾಗ ನನಗೆ ಅನಿಸಿದ್ದನ್ನು ಉಬ್ಬಿಸದೆ ಹೇಳುತ್ತೇನೆ. ಅಂಥ ಕೆಲಸವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಫರಸಿ ಪದರುಪದರಾಗಿ ಏಳುವ ಕಲ್ಲು. ಉಳಿ ಸ್ವಲ್ಪ ಆಳಕ್ಕೆ ಹೋದರೂ ಮುಖವೇ ಸಿಪ್ಪೆಯಂತೆ ಕಿತ್ತು ಬರುತ್ತದೆ. ಹಾಗಾಗಿ ಮಾಸ್ತರರ ಗೆರೆಗಳು ಉಗುರಿನಿಂದ ಗೀರಿದಷ್ಟೇ ಆಳ. ಓರೆಬಿಸಿಲಿನಲ್ಲಿ ಅಷ್ಟೇ ಸಾಕಾಗಿತ್ತು. ವಾಡಿ ಜಂಕ್ಷನ್ನಿನಲ್ಲಿ ಟ್ರಂಕಿನ ಮೇಲೆ ಕುಳಿತು ಗಾಡಿ ಕಾಯುವ ಗಂಡ ಹೆಂಡತಿ. ಅವರ ನಡುವೆ ಮಲಗಿದ ನಾಯಿ. ಕಾಗಿಣಾ ನದಿಯಲ್ಲಿ ಎಮ್ಮೆಯ ಬೆನ್ನು ತಿಕ್ಕುವವನು. ಸೈಕಲ್ಲಿನ ಚೈನು ಏರಿಸುತ್ತಿರುವ ಒಬ್ಬ, ಕೈ ಎಣ್ಣೆಯಾಗಿದ್ದರಿಂದ ಮೊಣಕೈಯಿಂದ ಮೂಗು ಒರೆಸಿಕೊಳ್ಳುತ್ತಿದ್ದಾನೆ. ಹಿನ್ನೆಲೆಯಲ್ಲಿ ಚಿತ್ರದ ಬದಲು ನಿಜವಾದ ನೀರು, ನಿಜವಾದ ಕಾಡು. ಎಂಜಿನಿಯರರು ಸೈಕಲ್ಲಿನವನ ಮುಂದೆ ಬಹಳ ಹೊತ್ತು ನಿಂತರು.

ಕೊನೆಯ ಕಲ್ಲಿನಲ್ಲಿ ಒಬ್ಬ ಹೆಂಗಸು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅವಳ ಹಣೆಯ ಮೇಲೆ ದುಂಡಗೆ, ದಟ್ಟವಾಗಿ ಕುಂಕುಮ ಇತ್ತು.

ಮಾಸ್ತರರ ಮುಖ ಬಿಳಿಚಿತು. ಎಂಜಿನಿಯರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೇಷ್ಟ್ರೇ, ನಾನು ಇದನ್ನೇ ಹೇಳಿದ್ದು. ಕೂಲಿಯವರನ್ನು ಕಳಿಸ್ತೀನಿ, ಕಲ್ಲು ಜೋಪಾನವಾಗಿ ದಡಕ್ಕೆ ತಂದಿಡ್ತಾರೆ. ಬೇಜಾರು ಮಾಡ್ಕೋಬೇಡಿ."

ಹುಲ್ಲಿನ ಹೊರೆ ಕಟ್ಟುತ್ತಿದ್ದ ಮುದುಕಿ ತಲೆ ಎತ್ತಿದಳು. "ಯಾಕ್ರಿ? ನಾನೇ ಹಚ್ಚೀನಿ ಅದು."

"ಪೂಜೆ ಮಾಡಿದೆಯಾ ಅಜ್ಜಿ?"

"ಪೂಜಿ ಯಾತರದ್ರಿ? ದೇವರು ಎಲ್ಲ್ಯಾರ ರೊಟ್ಟಿ ಬಡೀತದೇನು? ಕೈತುಂಬ ಬಳಿ ಹಾಕ್ಯಾರ, ಹಣಿ ಮಾತ್ರ ಬೋಳು ಬಿಟ್ಟಾರ. ಮುತ್ತೈದಿ ಹಂಗ ಕುಂತ್ರ ನೋಡ್ಲಿಕ್ಕಿ ಛಂದ ಕಾಣ್ತದೇನು? ಬರದಾವ್ರು ಮರತಾರ ಅಂತ ಹಚ್ಚಿದೆ."

ಮಾಸ್ತರರು ನಿಧಾನವಾಗಿ ಹೇಳಿದರು: "ಮರತಿಲ್ಲ ಆಯಿ. ಆಕಿ ನಮ್ಮ ಅಮ್ಮಿ. ನಾವು ಮುಸಲ್ಮಾನರು, ಮನ್ಯಾಗ ಕುಂಕುಮ ಹಚ್ಚಂಗಿಲ್ಲ."

ಮುದುಕಿ ಕಲ್ಲನ್ನೂ ಮಾಸ್ತರರನ್ನೂ ಒಂದೊಂದು ಸಲ ನೋಡಿದಳು. "ಹಂಗೇನು? ಮೂಗು ನಿಮ್ಮದೇ ಅದ ಬಿಡ್ರಿ."

ಎಂಜಿನಿಯರರು ನಗು ತಡೆದುಕೊಂಡಂತೆ ಕಂಡಿತು. ಆದರೂ ಬಿಡಲಿಲ್ಲ. ಕುಂಕುಮ ಹಾಗೇ ಇದ್ದರೆ ಮುಂದಿನ ವಾರ ಬಂದವರು ಕಾಯಿ ಒಡೆಯುತ್ತಾರೆ ಎಂದರು. ಅದು ನಿಜವೇ. "ಈಗಲೇ ಅಳಿಸಿಬಿಡು ಅಜ್ಜಿ. ಆಮೇಲೆ ಮಾತಾಡೋಣ."

"ನನ್ನ ಕೈಲೆ ಆಗಂಗಿಲ್ರಿ," ಎಂದಳು ಮುದುಕಿ. ನಗೆಯ ಸುಳಿವಿಲ್ಲ. "ಮುತ್ತೈದಿ ಕುಂಕುಮ ಒರಸ್ತಾರೇನ್ರಿ ಯಾರರೆ? ಕಲ್ಲು ತಗೀತೀರಿ, ತಗೀರಿ. ಒರಸು ಅನ್ನಬ್ಯಾಡ್ರಿ."

ಮಾಸ್ತರರು ಕಿಸೆಯಿಂದ ಕರವಸ್ತ್ರ ತೆಗೆದವರು ಅದನ್ನು ಹಿಡಿದುಕೊಂಡೇ ನಿಂತರು. ಅಮ್ಮಿ ತೀರಿಹೋಗಿ ಹೆಚ್ಚು ದಿನವಾಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಕುಂಕುಮವಿದ್ದರೆ ಕಲ್ಲುಗಳೆಲ್ಲ ಹೋಗುತ್ತವೆ. ಆ ಹಣೆಯನ್ನು ಮುದುಕಿಯ ಕಣ್ಣೆದುರಿಗೆ ಒರೆಸಲು ಅವರ ಕೈ ಏಳುತ್ತಿರಲಿಲ್ಲ.

ಆಗ ಮುದುಕಿಯೇ ಅಂದಳು: "ಜಳಕ ಮಾಡಸ್ರಿ. ಜಳಕ ಮಾಡಿದ್ರ ಎಲ್ಲಾರ್ದೂ ಹೋಗ್ತದ. ಅದಕ್ಕ ಒರಸೋದು ಅನ್ನಂಗಿಲ್ಲ."

ದೋಣಿಯ ನೀರು ಮೊಗೆಯುವ ಡಬ್ಬಿಯನ್ನು ಅವಳ ಮಗ ತಂದುಕೊಟ್ಟ. ಮೊದಲ ಡಬ್ಬಿಯನ್ನು ಮಾಸ್ತರರು ಸುರಿದರು, ತಲೆಯ ಮೇಲಿಂದ, ನಿಧಾನವಾಗಿ. ಕುಂಕುಮ ಕೆನ್ನೆಗಿಳಿದು, ಕೊರಳಿಗಿಳಿದು, ಒಲೆಯ ಮೇಲೆ ಹರಿದು ಹುಲ್ಲಿಗೆ ಹೋಯಿತು. ಒದ್ದೆಯಾದ ಫರಸಿ ಕಪ್ಪಾಗುತ್ತ ಬಂತು. ಒಣಕಲ್ಲಿನಲ್ಲಿ ನನಗೆ ಕಂಡಿರದ ಗೆರೆಗಳು, ಬೆರಳ ಸಂದಿಯ ಹಿಟ್ಟು, ಬೆವರಿಗೆ ಅಂಟಿದ ಒಂದೆಳೆ ಕೂದಲು, ಒಂದೊಂದಾಗಿ ತೋರಿದವು. ಮುದುಕಿ ಅಂಗೈಯಿಂದ ಬೆನ್ನು ತಿಕ್ಕಿದಂತೆ ಕಲ್ಲಿನ ಹಿಂಬದಿಯನ್ನೂ ತಿಕ್ಕಿದಳು.

"ಇನ್ನ ಮ್ಯಾಲೆ ಹಚ್ಚಬ್ಯಾಡ ಆಯಿ," ಎಂದರು ಮಾಸ್ತರರು.

"ಹಚ್ಚಂಗಿಲ್ಲ ಬಿಡ್ರಿ. ಮೊದಲೇ ಹೇಳಿದ್ರ ಇಷ್ಟು ನೀರು ಹೊರೋ ಕೆಲಸ ಇರ್ತಿದ್ದಿಲ್ಲ. ಯಾರರೆ ಕಾಯಿ ತಂದ್ರ ನಾನೇ ಓಡಸ್ತೀನಿ, ಸಾಹೇಬ್ರ ಅಮ್ಮಿ ಅಂತ."

"ನಮ್ಮಮ್ಮ ಅಲ್ಲ ಅಜ್ಜಿ, ಮೇಷ್ಟ್ರ ಅಮ್ಮ."

"ಸಾಹೇಬ್ರ ಅಮ್ಮಿ ಅಂದ್ರ ಹೆಚ್ಚು ಅಂಜತಾರ."

ಎಂಜಿನಿಯರರು ಈ ಸಲ ನಕ್ಕೇಬಿಟ್ಟರು. ಶೂ ಕಳಚಿ, ಪ್ಯಾಂಟು ಮಡಚಿ ನೀರಿಗಿಳಿದು, ಕೊನೆಯ ಡಬ್ಬಿಯನ್ನು ತಾವೇ ತುಂಬಿ ತಂದರು. ಅದನ್ನು ಮಾಸ್ತರರ ಕೈಗೆ ಕೊಡುತ್ತ ಕೇಳಿದರು:

"ಶಹಾಬಾದಿನಲ್ಲಿ ಇನ್ನೂ ಕಲ್ಲು ಉಳಿದಿವೆ ಅಂದಿದ್ರಲ್ಲ. ಬೇಸಿಗೆಗೆ ನೀರು ಇಳಿದ ಕೂಡಲೇ ತಂದು ನಿಲ್ಲಿಸಿಬಿಡಿ. ಆಗಬಹುದಾ?"

ಮಾಸ್ತರರು ತಲೆಯಾಡಿಸಿದರು. ಡಬ್ಬಿ ತೆಗೆದುಕೊಂಡು ಅಮ್ಮಿಯ ಕೈಗಳ ಮೇಲೆ ನೀರು ಸುರಿದರು.