ಬೀರುವಿನಲ್ಲಿಟ್ಟ ದನಿ

ಹಾರ್ಡ್ ಡಿಸ್ಕ್ ಒಳ್ಳೆಯದೋ ಎಸ್‌ಎಸ್‌ಡಿ ಒಳ್ಳೆಯದೋ ಎಂದು ಈಗ ಯಾರೂ ಕೇಳುವುದಿಲ್ಲ. ಕೇಳುತ್ತಿದ್ದ ಕಾಲದಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಡೆಸ್ಕ್‌ಟಾಪ್ ಸಪೋರ್ಟಿನಲ್ಲಿದ್ದೆ. ಮೌಸ್ ಓಡದಿದ್ದರೂ ನನ್ನನ್ನೇ ಬೈಯಬೇಕು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಬೈಯಬೇಕು, ಅಂಥ ಕೆಲಸ. ಎಸ್‌ಎಸ್‌ಡಿ ಆಗತಾನೇ ಬಂದಿತ್ತು, ಅದೂ ದೊಡ್ಡ ಮ್ಯಾನೇಜರುಗಳ ಲ್ಯಾಪ್‌ಟಾಪಿಗೆ ಮಾತ್ರ. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ಗಿರಗಿರ ತಿರುಗುತ್ತವೆ, ಅವುಗಳ ಮೇಲೆ ಒಂದು ಸಣ್ಣ ಕಡ್ಡಿ ಆಚೀಚೆ ಓಡಾಡಿ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್‌ಗಳು. ಬೆಲೆ ಮಾತ್ರ ಬಾಯಿಗೆ ಬಂದ ಹಾಗೆ.

“ಗುರು, ಬಟನ್ ಒತ್ತಿ ಕಾಫಿ ತರೋಣ ಅಂತ ಏಳೋಷ್ಟರಲ್ಲಿ ಆನ್ ಆಗ್ಬಿಟ್ಟಿರುತ್ತೆ, ಸಕ್ಕತ್ತಾಗಿದೆ,” ಎಂದು ಪಕ್ಕದ ಸೀಟಿನವನು ಕುಣಿಯುತ್ತಿದ್ದ. ಅವನು ಹೊಗಳಿದ ಅದೇ ಲ್ಯಾಪ್‌ಟಾಪು ಒಂದು ಬೆಳಿಗ್ಗೆ ಏಳಲೇ ಇಲ್ಲ. ಸದ್ದಿಲ್ಲ, ಬಿಸಿಯಿಲ್ಲ, ಹಿಂದಿನ ದಿನದವರೆಗೆ ಒಂದು ದೂರೂ ಇಲ್ಲ. ಹಾರ್ಡ್ ಡಿಸ್ಕು ಹಾಗಲ್ಲ. ಹೋಗುವ ಮುಂಚೆ ಟಿಕ್ ಟಿಕ್ ಅನ್ನುತ್ತದೆ, ಫೈಲು ತೆರೆಯಲು ತಡ ಮಾಡುತ್ತದೆ, ನರಳುತ್ತದೆ. ಅಷ್ಟರಲ್ಲಿ ಒಳಗಿರುವುದನ್ನು ಬೇರೆಡೆ ಸಾಗಿಸಬಹುದು. ಹಾಗಾಗಿ ನಾನು ಹಾರ್ಡ್ ಡಿಸ್ಕಿನ ಪಕ್ಷದವಳಾಗಿದ್ದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅಪ್ಪಾಜಿಯ ಗಂಟಲಿನಿಂದ. ಅವರು ದಾವಣಗೆರೆ ಕಡೆಯವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮಶೀನ್ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿ, ಅಮ್ಮ ಮತ್ತು ನನ್ನೊಂದಿಗೆ ಹೆಬ್ಬಗೋಡಿಯ ಫ್ಲಾಟಿನಲ್ಲಿದ್ದರು. ಗಂಟಲು ಕಟ್ಟಿದೆ ಎಂದು ತಿಂಗಳುಗಟ್ಟಲೆ ಮೆಣಸಿನ ಕಷಾಯ ಕುಡಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಕ್ಯಾನ್ಸರ್, ಗಂಟಲಿನೊಳಗಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ಯಾಕೆ ಬಂತು ಎಂದು ಕೇಳಿದರೆ ಡಾಕ್ಟರು, ಹೀಗೇ ಅಂತ ಹೇಳೋಕಾಗಲ್ಲ ಎಂದರು. ಆಪರೇಶನ್ ಆದ ಮೇಲೆ ಉಸಿರಾಟ ಕುತ್ತಿಗೆಯ ತೂತಿನಿಂದ, ಮಾತು ಇರುವುದಿಲ್ಲ ಎಂದರು.

ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದು ಹೇಳಿದ್ದು ಅಲ್ಲಿನ ನರ್ಸು. ಮನೆಯ ಹಳೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಸಂಜೆ ಸಂಜೆ ಅಪ್ಪಾಜಿಯನ್ನು ಕೂರಿಸಿದೆ. ಮೊದಲ ದಿನ ರೇಡಿಯೋ ವಾರ್ತೆ ಓದುವವರ ಹಾಗೆ ಬಿಗಿಯಾಗಿ ಮಾತಾಡಿದರು. ಆಮೇಲೆ ಸಡಿಲವಾದರು. ಕಾರ್ಖಾನೆಗೆ ಸೇರಿದ ಕಥೆ, ಪೇಪರಿನ ಸುದ್ದಿ, ಪೂಜೆಯಲ್ಲಿ ಹೇಳಿಕೊಳ್ಳುತ್ತಿದ್ದ ಸಾಲುಗಳು, ನಡುವೆ ನನಗೆ ಬೈಗುಳ. “ಇವಳೇ, ನೀರು ತಗೊಂಬಾ,” ಎಂದು ಅಮ್ಮನನ್ನು ಕರೆದದ್ದೂ ಅದರಲ್ಲಿತ್ತು. ದನಿ ಆಗಲೇ ಒಡೆದಿತ್ತು, ಆದರೂ ಅವರದ್ದೇ. ಅಮ್ಮ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕುಕ್ಕರ್ ಕೂಗಿದರೆ ರೆಕಾರ್ಡಾಗುತ್ತದೆಂದು ಆ ಹೊತ್ತಿನಲ್ಲಿ ಒಲೆಯನ್ನೇ ಹಚ್ಚುತ್ತಿರಲಿಲ್ಲ.

ಒಂದು ಸಂಜೆ ಅಪ್ಪಾಜಿ ಮಾತು ನಿಲ್ಲಿಸಿ, “ಇದೇನು ಸದ್ದು?” ಎಂದರು. ಕಂಪ್ಯೂಟರಿನ ಹೊಟ್ಟೆಯಿಂದ ಬರುತ್ತಿತ್ತು. ಸ್ಕ್ರೂಡ್ರೈವರ್ ತಂದು, ಅದರ ತುದಿಯನ್ನು ಹಾರ್ಡ್ ಡಿಸ್ಕಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು ಕೂತರು. ಕಾರ್ಖಾನೆಯಲ್ಲಿ ಮಶೀನು ಕೇಳುತ್ತಿದ್ದದ್ದು ಹಾಗೆಯೇ.

“ಬೇರಿಂಗ್ ಹೋಗ್ತಿದೆ,” ಎಂದರು.

“ಅಪ್ಪಾಜಿ, ಅದು ನಿಮ್ಮ ಕಾರ್ಖಾನೆಯ ಲೇತ್ ಮಶೀನ್ ಅಲ್ಲ.”

“ತಿರುಗುತ್ತೆ ತಾನೇ? ತಿರುಗೋದಾದ್ರೆ ಸವೆಯುತ್ತೆ. ತಿರುಗದೇ ಇರೋದು ಯಾವ್ದಾದ್ರೂ ಬಂದಿಲ್ವಾ?”

ಬಂದಿದೆ ಎಂದೆ. ಆದರೆ ಹೊಸದು, ಹೇಳದೆ ಕೇಳದೆ ಹೋಗಿಬಿಡುತ್ತದೆ, ಆಫೀಸಿನಲ್ಲಿ ನೋಡಿದ್ದೇನೆ, ಇನ್ನೊಂದು ಹಾರ್ಡ್ ಡಿಸ್ಕನ್ನೇ ತರುತ್ತೇನೆ ಎಂದೆ. ಎರಡರ ಗುಣದೋಷವನ್ನು ಊಟದ ತಟ್ಟೆಯ ಮುಂದೆ ಕೂತು ವಿವರಿಸಿದೆ. ಕೈ ತಪ್ಪಿ ಬಿದ್ದರೆ ಹಾರ್ಡ್ ಡಿಸ್ಕ್ ಕೆಡುತ್ತದೆ, ಎಸ್‌ಎಸ್‌ಡಿ ಕೆಡುವುದಿಲ್ಲ. ಇದು ನಿಧಾನ, ಅದು ಚುರುಕು. ಇದು ಮುನ್ಸೂಚನೆ ಕೊಡುತ್ತದೆ, ಅದು ಕೊಡುವುದಿಲ್ಲ. ಅಪ್ಪಾಜಿ ಮುದ್ದೆ ಮುರಿಯುತ್ತ ಎಲ್ಲ ಕೇಳಿದರು.

“ಮುನ್ಸೂಚನೆ ಕೊಡೋವುಗಳ ಜೊತೇನೇ ಜೀವಮಾನ ಕಳೆದಿದೀನಿ ಕಣಮ್ಮ. ಸದ್ದು ಬಂತು ಅಂದ್ರೆ ಆಗ್ಲೇ ಅರ್ಧ ಕೆಟ್ಟಿರುತ್ತೆ. ನಂಗಾಗಿದ್ದೂ ಅದೇ ತಾನೇ? ತಿರುಗದೇ ಇರೋದನ್ನೇ ತಗೊಂಬಾ.”

ದನಿ ಅವರದ್ದು, ತೀರ್ಮಾನವೂ ಅವರದ್ದೇ. ಎಸ್‌ಎಸ್‌ಡಿ ತಂದು, ಅದಕ್ಕೊಂದು ಕೇಸ್ ಹಾಕಿ, ರೆಕಾರ್ಡಿಂಗುಗಳನ್ನೆಲ್ಲ ಅದಕ್ಕೆ ಹಾಕಿದೆ. ಕಂಪ್ಯೂಟರಿಗೆ ಬೇರೊಂದು ಖಾಲಿ ಡಿಸ್ಕ್ ಜೋಡಿಸಿ, ಸದ್ದು ಮಾಡುತ್ತಿದ್ದ ಹಳೆಯದನ್ನು ಬಿಚ್ಚಿ ಟಿವಿ ಕೆಳಗಿನ ಡ್ರಾಯರಿನಲ್ಲಿಟ್ಟೆ. ನರಳುತ್ತಿದ್ದರೂ ಅದರಲ್ಲಿ ಇನ್ನೂ ಎಲ್ಲವೂ ಇತ್ತು. ಎರಡು ಕಡೆ ಇದ್ದರೆ ಧೈರ್ಯ ಎಂಬುದು ನನ್ನ ಕಸುಬು ಕಲಿಸಿದ ಪಾಠ.

ಅಪ್ಪಾಜಿಯ ಕಸುಬಿನ ಪಾಠ ಬೇರೆ ಇತ್ತು. ಅಡ್ಮಿಟ್ ಆಗುವ ಹಿಂದಿನ ಭಾನುವಾರ ನಾನು ರಕ್ತ ಪರೀಕ್ಷೆಯ ರಿಪೋರ್ಟ್ ತರಲು ಹೋಗಿದ್ದೆ. ವಾಪಸು ಬರುವಾಗ ಮೆಟ್ಟಿಲ ಮೇಲೇ ಸುತ್ತಿಗೆ ಸದ್ದು ಕೇಳಿಸಿತು. ಬಾಲ್ಕನಿಯಲ್ಲಿ ಹಳೆ ಪೇಪರು ಹಾಸಿಕೊಂಡು, ಹಾರ್ಡ್ ಡಿಸ್ಕನ್ನು ಬಿಚ್ಚಿ, ಅದರ ತಟ್ಟೆಗಳನ್ನು ಒಂದೊಂದಾಗಿ ಬಡಿದು ಬಗ್ಗಿಸುತ್ತಿದ್ದರು.

“ಏನ್ ಮಾಡ್ತಿದೀರಾ ಅಪ್ಪಾಜಿ? ತಲೆ ಕೆಟ್ಟಿದೆಯಾ ನಿಮಗೆ?”

“ಹೊಸ ಬೇರಿಂಗ್ ಹಾಕಿದ್ಮೇಲೆ ಹಳೇದನ್ನ ಒಡೆದು ಹಾಕ್ಬೇಕು. ಹಂಗೇ ಇಟ್ರೆ ಯಾವನೋ ಒಬ್ಬ ಚೆನ್ನಾಗಿದೆ ಅನ್ಕೊಂಡು ತಿರುಗಿ ಅದನ್ನೇ ಹಾಕ್ತಾನೆ. ಹಂಗೆ ಹಾಕಿ ಒಬ್ಬನ ಬೆರಳು ಹೋಗಿದ್ದನ್ನ ಕಣ್ಣಾರೆ ನೋಡಿದೀನಿ.”

ಇದು ಕಾರ್ಖಾನೆ ಅಲ್ಲ, ಇಲ್ಲಿ ಯಾರ ಬೆರಳೂ ಹೋಗುತ್ತಿರಲಿಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದು ಕೂಗಾಡಿದೆ. ಅವರೂ ಕೂಗಾಡಿದರು. ನಾವಿಬ್ಬರೂ ಬಾಯಿಮಾತಿನಲ್ಲಿ ಆಡಿದ ಕೊನೆಯ ಜಗಳ ಅದು. ಅದು ರೆಕಾರ್ಡಾಗಲಿಲ್ಲ.

ಎಸ್‌ಎಸ್‌ಡಿಯಿಂದ ಇನ್ನೊಂದು ಪ್ರತಿ ಮಾಡಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆಪರೇಶನ್ ಮುಗಿದು ಅಪ್ಪಾಜಿ ಮನೆಗೆ ಬಂದ ಮೇಲೆ ಒಂದು ದಿನ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಸರಿಯಾಗಿದೆಯೇ ನೋಡಲು ಒಂದು ಫೈಲು ಒತ್ತಿದೆ. ಸ್ಪೀಕರ್ ಜೋರಾಗಿತ್ತು. ಅಪ್ಪಾಜಿ ಮನೆತುಂಬ ನಗುತ್ತ ಮಾತಾಡತೊಡಗಿದರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸೋಫಾದ ಮೇಲೆ ಕೂತಿದ್ದ ಅಪ್ಪಾಜಿ ಬೆಚ್ಚಿಬಿದ್ದರು. ಸ್ಲೇಟು ಎಳೆದುಕೊಂಡು ಬರೆದು ನನ್ನ ಮುಖಕ್ಕೆ ಹಿಡಿದರು. ‘ಅವನನ್ನು ಸುಮ್ಮನಿರಿಸು’ ಎಂದಿತ್ತು. ನಾನು ವೈರು ಕಿತ್ತೆ.

ಅವತ್ತೇ ಅಮ್ಮ ಅದನ್ನು ಒಂದು ರೇಷ್ಮೆ ಕುಪ್ಪಸದ ಕಣದಲ್ಲಿ ಸುತ್ತಿ, ಬೀರುವಿನ ಒಳಖಾನೆಯಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟು ಬೀಗ ಹಾಕಿದಳು. ಪ್ರತಿ ಮಾಡಬೇಕು ಕೊಡು ಎಂದು ಆಮೇಲೆ ಎಷ್ಟೋ ಸಲ ಕೇಳಿದೆ. “ಅವರು ಮನೇಲಿರುವಾಗ ಬೇಡ, ನೊಂದ್ಕೋತಾರೆ. ಇರೋದು ಭದ್ರವಾಗಿದೆ, ಅದ್ಯಾಕೆ ಕೆದಕ್ತೀಯ,” ಎನ್ನುತ್ತಿದ್ದಳು. ನಾನು ಮನೆಯಲ್ಲಿದ್ದ ಹೊತ್ತಿನಲ್ಲಿ ಅಪ್ಪಾಜಿಯೂ ಮನೆಯಲ್ಲೇ ಇರುತ್ತಿದ್ದರು. ಹಬ್ಬಕ್ಕೆ ಬೀರು ಒರೆಸುವಾಗ ಮಾತ್ರ ಅದನ್ನು ಹೊರತೆಗೆದು, ಕಣ್ಣಿಗೊತ್ತಿಕೊಂಡು, ಮತ್ತೆ ಒಳಗಿಡುತ್ತಿದ್ದಳು.

ವರ್ಷಗಳು ಹೋದವು. ಅಪ್ಪಾಜಿಗೆ ಟಾರ್ಚಿನಷ್ಟು ದೊಡ್ಡ ಯಂತ್ರವೊಂದು ಬಂತು. ಅದನ್ನು ಗಂಟಲಿಗೊತ್ತಿ ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಏರಿಲ್ಲ, ಇಳಿತವಿಲ್ಲ, ಎಲ್ಲ ಮಾತೂ ಒಂದೇ ಗುಂಯ್. ಸಿಟ್ಟಿನಲ್ಲಿದ್ದಾರೋ ತಮಾಷೆ ಮಾಡುತ್ತಿದ್ದಾರೋ ತಿಳಿಯಲು ಮುಖ ನೋಡಬೇಕು. ಅಂಗಡಿಯಲ್ಲಿ ಮಕ್ಕಳು ಹೆದರುತ್ತವೆಂದು ಹೊರಗೆ ಅದನ್ನು ಬಳಸುವುದನ್ನೇ ಬಿಟ್ಟರು. ಬರಬರುತ್ತ ಹೊರಗೆ ಹೋಗುವುದನ್ನೂ ಬಿಟ್ಟರು. ಅಷ್ಟು ಮಾತಿನ ಮನುಷ್ಯ ಹೀಗೆ ಮೂಲೆ ಹಿಡಿದದ್ದನ್ನು ನೋಡಿದಾಗ ನನಗೆ ದೇವರ ಮೇಲೂ ಸಿಟ್ಟು ಬರುತ್ತಿತ್ತು.

ಈಚೆಗೆ ಚೆಕಪ್ಪಿಗೆ ಹೋದಾಗ, ಮಾತಿನ ತರಬೇತಿ ಕೊಡುವ ಹುಡುಗಿ ಹೊಸದೊಂದು ಹೇಳಿದಳು. “ಅಂಕಲ್, ನಿಮ್ಮ ಹಳೇ ರೆಕಾರ್ಡಿಂಗ್ ಏನಾದ್ರೂ ಇದ್ಯಾ? ಈಗ ನೀವು ಫೋನಲ್ಲಿ ಟೈಪ್ ಮಾಡಿದ್ರೆ ಅದು ನಿಮ್ಮ ದನೀಲೇ ಮಾತಾಡೋ ಹಾಗೆ ಮಾಡ್ಬೋದು.”

ಅಪ್ಪಾಜಿ ಅಮ್ಮನ ಮುಖ ನೋಡಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪಾಜಿ ಯಂತ್ರ ಒತ್ತಿಕೊಂಡು, “ಬೀರು ತೆಗಿ,” ಎಂದರು.

ಕಂಪ್ಯೂಟರಿಗೆ ಸಿಕ್ಕಿಸಿದೊಡನೆ ಎಸ್‌ಎಸ್‌ಡಿಯ ಕೇಸಿನ ದೀಪ ಹತ್ತಿತು. ಆದರೆ ಕಂಪ್ಯೂಟರು, ಈ ಡಿಸ್ಕನ್ನು ಓದಲಾಗದು, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಬೇರೆ ವೈರು ಹಾಕಿದೆ, ಬೇರೆ ಕಂಪ್ಯೂಟರಿಗೆ ಹಾಕಿದೆ, ಅದೇ ಪ್ರಶ್ನೆ. ಬೇರೆಲ್ಲಾದರೂ ಅಪ್ಪಾಜಿ ಮಾತಾಡಿದ್ದು ಇದೆಯೇ ಎಂದು ಹುಡುಕಿದೆವು. ಸೋದರತ್ತೆಯ ಮಗಳ ಮದುವೆ ಸಿಡಿಯಲ್ಲಿ ಅವರು ಕೈ ಆಡಿಸುತ್ತ ಯಾರಿಗೋ ಏನೋ ಹೇಳುತ್ತಿದ್ದಾರೆ, ಆದರೆ ವಿಡಿಯೋದವನು ಅದರ ಮೇಲೆ ಸಿನಿಮಾ ಹಾಡು ಸುರಿದುಬಿಟ್ಟಿದ್ದ.

ಮಾರತ್ತಹಳ್ಳಿಯಲ್ಲಿ ಹಾಳಾದ ಡಿಸ್ಕುಗಳಿಂದ ಡೇಟಾ ತೆಗೆಯುವ ಅಂಗಡಿಯಿದೆ. ಎಸ್‌ಎಸ್‌ಡಿಯನ್ನು ಅಲ್ಲಿ ಕೊಟ್ಟೆವು. ಕೆಲವು ದಿನಗಳ ನಂತರ ಬನ್ನಿ ಎಂದು ಫೋನು ಬಂತು. ಅಪ್ಪಾಜಿ ಬೆಳಿಗ್ಗೆಯೇ ಶೇವ್ ಮಾಡಿ, ವಿಭೂತಿ ಇಟ್ಟು, ಇಸ್ತ್ರಿ ಶರ್ಟು ಹಾಕಿ ತಯಾರಾಗಿದ್ದರು. ನಾನೊಬ್ಬಳೇ ಹೋಗಿ ಬರುತ್ತೇನೆ ಎಂದರೂ ಬಿಡಲಿಲ್ಲ. ಮೂವರೂ ಹೋದೆವು.

“ಆಗ್ಲಿಲ್ಲ ಮೇಡಂ,” ಎಂದ ಅಂಗಡಿಯವನು. “ಎಸ್‌ಎಸ್‌ಡಿ ಹಾಗೆಲ್ಲ ವರ್ಷಗಟ್ಟಲೆ ಕರೆಂಟಿಲ್ದೆ ಇಡಬಾರ್ದು. ಚಿಪ್ಪಲ್ಲಿರೋ ಚಾರ್ಜು ನಿಧಾನಕ್ಕೆ ಸೋರಿ ಹೋಗುತ್ತೆ. ಆವಾಗಾವಾಗ ಕನೆಕ್ಟ್ ಮಾಡ್ತಿದ್ರೆ ಉಳೀತಿತ್ತೇನೋ.”

“ಬೀರುನಾಗೇ ಇತ್ತಲ್ಲಪ್ಪ,” ಎಂದಳು ಅಮ್ಮ. “ಯಾರೂ ಮುಟ್ಟಿಲ್ಲ.”

ಅವನು ತಲೆ ತಗ್ಗಿಸಿದ. “ಹಾರ್ಡ್ ಡಿಸ್ಕ್ ಏನಾದ್ರೂ ಇದ್ರೆ ಕೊಡಿ ಸಾರ್. ಎಷ್ಟೇ ಕೆಟ್ಟಿರ್ಲಿ, ತಟ್ಟೆ ನೆಟ್ಟಗಿದ್ರೆ ಏನಾದ್ರೂ ತೆಗೀಬೋದು,” ಎಂದು ಅಪ್ಪಾಜಿಗೆ ಹೇಳಿದ. ಅಪ್ಪಾಜಿ ಎಸ್‌ಎಸ್‌ಡಿಯನ್ನು ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಅಮ್ಮನ ಮೇಲೂ ಆಗಲಿಲ್ಲ. ಮೂವರೂ ಅದನ್ನು ಜೋಪಾನ ಮಾಡಿದವರೇ.

ಕ್ಯಾಬು ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತೇಬಿಟ್ಟಿತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಪ್ಪಾಜಿ ಜೇಬಿನಿಂದ ಯಂತ್ರ ತೆಗೆದು ಗಂಟಲಿಗಿಟ್ಟುಕೊಂಡರು. ಹೊರಗಿನವರ ಮುಂದೆ ಅದನ್ನು ಬಳಸಿ ಎಷ್ಟೋ ಕಾಲವಾಗಿತ್ತು. ಡ್ರೈವರು ಕನ್ನಡಿಯಲ್ಲಿ ನೋಡಿದ.

“ಹೇಗಿತ್ತು ನನ್ನ ದನಿ?” ಎಂದರು. “ನಂಗೇ ನೆನಪಿಲ್ಲ. ಒಂದ್ಸಲ ಕೇಳ್ಬೇಕು ಅಂತಿದ್ದೆ. ನೀನಾದ್ರೂ ಹೇಳು.”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಬಾಲ್ಕನಿಯ ಆ ಜಗಳದ ಒಂದೊಂದು ಮಾತೂ ನನಗೆ ಬಾಯಿಪಾಠ. ಆದರೆ ಅವು ಗುಂಯ್‌ಗುಡುವ ಈ ಯಂತ್ರದ ದನಿಯಲ್ಲೇ ಕೇಳಿಸಿದವು. ಇನ್ನೂ ಹಿಂದಕ್ಕೆ ಹೋದೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಆಟ ಬಿಟ್ಟು ಬಾ ಎಂದು ಗೇಟಿನಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದ ಅಪ್ಪಾಜಿ. ಇನ್ನೂ ಗಟ್ಟಿಮುಟ್ಟಾದ ಆಳು, ತಲೆ ತುಂಬ ಕಪ್ಪು ಕೂದಲು. ಅವರೂ ಯಂತ್ರದ ದನಿಯಲ್ಲೇ ಕರೆದರು.

“ಚೆನ್ನಾಗಿತ್ತು ಅಪ್ಪಾಜಿ,” ಎಂದೆ.

“ಚೆನ್ನಾಗಿತ್ತು ಅಂದ್ರೆ ಹೇಗೆ?”

ಯಂತ್ರವನ್ನು ಗಂಟಲಿನಿಂದ ತೆಗೆಯದೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.